ಡಿವೈಡರ್‌ಗೆ ಬಡಿದ ಟೈರ್: ಗಾಳಿ ಐತಿ ಅಂದ್ರ ಸರಿ ಐತಿ ಅಂತಲ್ಲ

ಕಬ್ಬಿನ ಸೀಸನ್ ಬಂತಂದ್ರ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ರಸ್ತೆ ಹೆಂಗಿರ್ತಾವ ಅಂತ ನಿಮಗ ಹೇಳೋದು ಬ್ಯಾಡ. ರಾತ್ರಿ ಹೊತ್ತು, ಎದುರಿಗೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಹಿಂದ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಗಕ್ಕನೆ ಸ್ಟೀರಿಂಗ್ ತಿರುವಿದ್ರ ಚಕ್ರ ಡಿವೈಡರ್‌ಗೆ ಧಡ್ ಅಂತ ಬಡಿತೈತಿ. ಇಳಿದು ನೋಡಿದ್ರ ಗಾಳಿ ಹೋಗಿಲ್ಲ. ‘ಏನೂ ಆಗಿಲ್ಲ, ನಡಿ’ ಅಂತ ಹೊರಡ್ತೀವಿ. ಇವತ್ತಿನ ಎಪಿಸೋಡ್ ಆ ‘ಏನೂ ಆಗಿಲ್ಲ’ ಬಗ್ಗೆನೇ.

ಗುಳ್ಳೆ ಯಾಕೆ ಬರ್ತೈತಿ?

ಪಂಕ್ಚರ್ ಆದ ಟೈರ್ ತಾನಾಗೇ ನಮ್ಮನ್ನ ನಿಲ್ಲಿಸುತ್ತದೆ. ನಿಲ್ಲಿಸದ ಟೈರ್ ಹೆಚ್ಚು ಅಪಾಯ. ಕಲ್ಲಿಗೆ ಬಡಿದಾಗ ಟೈರಿನ ಪಕ್ಕದ ಗೋಡೆ, ಅಂದ್ರೆ ಸೈಡ್‌ವಾಲ್, ಕಲ್ಲು ಮತ್ತು ರಿಮ್ ನಡುವೆ ಸಿಕ್ಕು ಜಜ್ಜಿ ಹೋಗುತ್ತದೆ. ಒಳಗಿನ ದಾರದ ಎಳೆಗಳು ತುಂಡಾಗುತ್ತವೆ, ಹೊರಗಿನ ರಬ್ಬರ್ ಮಾತ್ರ ನೆಟ್ಟಗೆ ಕಾಣುತ್ತದೆ. ಆ ಸೋತ ಜಾಗವನ್ನು ಗಾಳಿ ಹೊರಗೆ ದೂಡಿದಾಗ ಬರೋದೇ ಗುಳ್ಳೆ. ಕೆಲವೊಮ್ಮೆ ಆಗಲೇ ಕಾಣ್ತದೆ, ಕೆಲವೊಮ್ಮೆ ಕೆಲವು ದಿನ ಬಿಟ್ಟು. ಲೋಡ್, ಬಿಸಿಲು, ಸ್ಪೀಡ್ ಮೂರೂ ಸೇರಿದಾಗ ಅದು ಒಡೆಯಬಹುದು. ನಿಪ್ಪಾಣಿ ಹತ್ತಿರದ ತವಂದಿ ಘಾಟ್ ಇಳಿಯುವಾಗ ಮುಂದಿನ ಟೈರ್ ಒಡೆದ್ರೆ ಏನಾದೀತು, ನೀವೇ ಯೋಚಿಸ್ರಿ.

ಬಡಿದ ತಕ್ಷಣ

ನಿಧಾನಕ್ಕೆ ಎಡಕ್ಕೆ ತಗೊಂಡು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ. ಗಾಳಿ ಇಲ್ಲದ ಟೈರ್ ಮೇಲೆ ‘ಸ್ವಲ್ಪ ಮುಂದಕ್ಕೆ’ ಅಂತ ಓಡಿಸಬೇಡಿ, ರಿಮ್ ಕೂಡ ಹೋಗ್ತದೆ. ರಾಷ್ಟ್ರೀಯ ಹೆದ್ದಾರಿ 48ರ ಮೇಲಿದ್ದರೆ ಸಹಾಯಕ್ಕೆ 1033ಕ್ಕೆ ಫೋನ್ ಮಾಡಿ.

ಆಮೇಲೆ ಮೊಬೈಲ್ ತೆಗೀರಿ. ಹೊರಗಿನ ಗೋಡೆ ಎಲ್ಲರಿಗೂ ಕಾಣ್ತದೆ, ಒಳಗಿನದನ್ನ ಯಾರೂ ನೋಡಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಗಾಡಿ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಟಾರ್ಚ್ ಹಚ್ಚಿ ಒಳಬದಿಯ ವಿಡಿಯೋ ತಗೊಳ್ರಿ. ಗುಳ್ಳೆ, ಸೀಳು, ಹೊರಗೆ ಕಾಣುವ ದಾರ: ಇದರಲ್ಲಿ ಯಾವುದಿದ್ದರೂ ಅಲ್ಲೇ ಸ್ಟೆಪ್ನಿ ಹಾಕಿ.

ಓಡಿಸುವಾಗ ಗಾಡಿ ಹೇಳೋದು

ಸ್ಟೀರಿಂಗ್ ಒಂದು ಕಡೆಗೆ ಎಳೆದರೆ ಅಲೈನ್‌ಮೆಂಟ್ ತಪ್ಪಿರಬಹುದು. ಸ್ಪೀಡ್ ಏರಿದಂಗ ನಡುಗಿದರೆ ರಿಮ್ ಬಾಗಿರಬಹುದು, ಇಲ್ಲವೇ ಬ್ಯಾಲೆನ್ಸಿಂಗ್ ಕೆಟ್ಟಿರಬಹುದು. ದಿನಾ ಸ್ವಲ್ಪ ಸ್ವಲ್ಪ ಗಾಳಿ ಇಳಿದರೆ ರಿಮ್ ಅಂಚಿಗೆ ಸೋಪು ನೀರು ಹಚ್ಚಿ, ನೊರೆ ಎಲ್ಲಿ ಏಳ್ತದೋ ಅಲ್ಲೇ ಸೋರಿಕೆ.

ಯಾವುದು ರಿಪೇರಿ, ಯಾವುದು ಅಲ್ಲ?

ನೆಲಕ್ಕೆ ತಾಗುವ ಭಾಗದ ಮೊಳೆ ಪಂಕ್ಚರ್ ರಿಪೇರಿ ಆಗುತ್ತದೆ. ಸೈಡ್‌ವಾಲ್ ಗುಳ್ಳೆಗೆ ರಿಪೇರಿ ಇಲ್ಲ. ‘ಒಳಗ ಟ್ಯೂಬ್ ಹಾಕ್ತೀನ್ರಿ, ಆರು ತಿಂಗಳ ನಡೀತೈತಿ’ ಅಂದ್ರ ಒಪ್ಪಬ್ಯಾಡ್ರಿ. ಟ್ಯೂಬ್ ಗಾಳಿ ಹಿಡೀಬಹುದು, ತುಂಡಾದ ದಾರ ಕೂಡಿಸಲ್ಲ. ಸ್ಟೀಲ್ ರಿಮ್ ಸ್ವಲ್ಪ ಬಾಗಿದ್ದರೆ ನೆಟ್ಟಗೆ ಮಾಡಬಹುದು. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ನಂಬಬೇಡಿ, ಬದಲಿಸಿ.

ಹೊಸ ಟೈರ್ ಕೊಳ್ಳುವಾಗ ಅದರ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು.

ಇನ್ಶೂರೆನ್ಸ್ ಲೆಕ್ಕ

ಕಾಮರ್ಸ್ ಓದಿದವನು, ಇದನ್ನ ಬಿಡಕ್ಕಾಗಲ್ಲ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ನಿಮ್ಮ ಟೈರಿಗೆ ಏನೂ ಸಿಗಲ್ಲ. ಸಾಮಾನ್ಯ ಕಾಂಪ್ರಿಹೆನ್ಸಿವ್ ಪಾಲಿಸಿಯಲ್ಲೂ ಟೈರ್ ಒಂದೇ ಹಾಳಾದರೆ ಕ್ಲೇಮ್ ಇಲ್ಲ. ಅದೇ ಏಟಿಗೆ ಗಾಡಿಗೂ ಡ್ಯಾಮೇಜ್ ಆಗಿದ್ದರೆ ಟೈರ್ ಬೆಲೆಯ ಶೇ 50 ಮಾತ್ರ. ಟೈರಿಗೆ ಬೇರೆ ಆಡ್-ಆನ್ ಇದ್ದರೆ ಅದರ ಷರತ್ತು ಓದಿ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗಬಹುದು. ಅದು ಮೊದಲ ವರ್ಷಕ್ಕೆ ಶೇ 20, ಏರುತ್ತಾ ಶೇ 50ರ ತನಕ. ಬಿಲ್ ಸಣ್ಣದಿದ್ದರೆ ಕೈಯಿಂದ ಕೊಡೋದೇ ಲಾಭ ಆಗಬಹುದು, ಎರಡೂ ಲೆಕ್ಕ ಹಾಕಿ ನೋಡಿ.

ಮಿರಜ್‌ನ ಆಸ್ಪತ್ರೆಗೆ ಅಂತನೋ, ಕೊಲ್ಹಾಪುರಕ್ಕೆ ಅಂತನೋ ಮನೆಯವರನ್ನ ಕೂಡಿಸಿಕೊಂಡು ಹೊರಡೋ ಮುಂಚೆ ನಾಲ್ಕೂ ಚಕ್ರ ಒಂದು ಸುತ್ತು ನೋಡ್ರಿ, ಒಳಬದಿ ಸಮೇತ. ಎರಡು ನಿಮಿಷದ ಕೆಲಸ. ಬಾಡಿಗೆ ಗಾಡಿ ಓಡಿಸೋ ಗೆಳೆಯರಿದ್ದರೆ ಈ ಎಪಿಸೋಡ್ ಅವರಿಗೂ ಕಳಸ್ರಿ. ಮತ್ತೆ ಸಿಗೋಣ.