ಷರೀಫ್: ಬಿರುದು ಹೆಸರಾದ ಕತೆ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಟ ರೈಲು ದಾರಿಯಲ್ಲಿ ಕೋರಮಂಡಲ್ ಎಂಬ ಪುಟ್ಟ ನಿಲ್ದಾಣದಲ್ಲಿ ನಿಲ್ಲುತ್ತದೆ. ಚೋಳಮಂಡಲ ಎಂಬುದು ಯುರೋಪಿನ ವರ್ತಕರ ಬಾಯಲ್ಲಿ ಕೋರಮಂಡಲ್ ಆಯಿತು. ಮೊದಲು ಪೂರ್ವ ಕರಾವಳಿಯ ಹೆಸರಾಗಿದ್ದುದು ಕೊನೆಗೆ ಕಡಲೇ ಕಾಣದ ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೂ ಬಂದು ನೆಲೆಸಿತು. ಬಂಗಾರಪೇಟೆಯ ಕತೆಯೂ ಇಂಥದೇ. ಮೈಸೂರಿನ ಕಮಿಷನರಾಗಿದ್ದ ಎಲ್.ಬಿ. ಬೌರಿಂಗ್ ಅವರ ಹೆಸರು ಹೊತ್ತ ಬೌರಿಂಗ್‌ಪೇಟೆ ಇಂದು ಬಂಗಾರಪೇಟೆ.

ಊರುಗಳ ಹೆಸರಿಗೆ ಆಗುವುದು ಮನುಷ್ಯರ ಹೆಸರಿಗೂ ಆಗುತ್ತದೆ. ಈ ಸೀಮೆಯ ಅಂಗಡಿಗಳ ಫಲಕಗಳಲ್ಲಿ, ಶಾಲೆಗಳ ಹಾಜರಿ ಪುಸ್ತಕಗಳಲ್ಲಿ, ಮದುವೆಯ ಕರೆಯೋಲೆಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ‘ಷರೀಫ್’ ಎಂಬ ಹೆಸರನ್ನೇ ನೋಡಿ. ಕೋರಮಂಡಲ್‌ಗಿಂತಲೂ ದೂರದಿಂದ ಬಂದದ್ದು ಅದು.

ಅರಬ್ಬಿ ಭಾಷೆಯಲ್ಲಿ ‘ಷರಫ್’ ಎಂದರೆ ಮಾನ, ಘನತೆ, ಹಿರಿಮೆ. ಅದನ್ನು ಉಳ್ಳವನು ಷರೀಫ್. ಇದರ ಬಹುವಚನ ಅಶ್ರಾಫ್. ಅಶ್ರಫ್, ಮುಷರ್ರಫ್ ಎಂಬ ಹೆಸರುಗಳೂ ಇದೇ ಧಾತುವಿನಿಂದ ಹುಟ್ಟಿದವು. ಕುರಾನ್ ಷರೀಫ್, ಅಜ್ಮೀರ್ ಷರೀಫ್ ಎನ್ನುವಾಗ ಈ ಪದಕ್ಕೆ ಪವಿತ್ರ ಎಂಬ ಅರ್ಥ. ಉರ್ದುವಿನಲ್ಲಿ ‘ಷರೀಫ್ ಆದ್ಮಿ’ ಎಂದರೆ ಸಭ್ಯ, ಮರ್ಯಾದಸ್ಥ.

ಅರಬ್ ನಾಡಿನಲ್ಲಿ ಮಾತ್ರ ಈ ಪದಕ್ಕೆ ಬೇರೊಂದು ತೂಕವಿತ್ತು. ಅಲ್ಲಿ ಷರೀಫ್ ಎಂಬುದು ಪ್ರವಾದಿ ಮುಹಮ್ಮದರ ವಂಶಜರ ಬಿರುದು. ಹಿಜಾಜ್ ಪ್ರಾಂತದಲ್ಲಿ ಪ್ರವಾದಿಯ ಮೊಮ್ಮಗ ಹಸನರ ಸಂತತಿಯವರನ್ನು ಷರೀಫ್ ಎಂದೂ ಇನ್ನೊಬ್ಬ ಮೊಮ್ಮಗ ಹುಸೇನರ ಸಂತತಿಯವರನ್ನು ಸಯ್ಯದ್ ಎಂದೂ ಕರೆಯುವ ರೂಢಿ ಬೆಳೆಯಿತು. ಹತ್ತನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ಮೊದಲ ಭಾಗದವರೆಗೂ ಮಕ್ಕಾ ನಗರವನ್ನು ಆಳಿದವರು ಷರೀಫರೇ. 1916ರಲ್ಲಿ ತುರ್ಕರ ವಿರುದ್ಧ ಬಂಡೆದ್ದ ಷರೀಫ್ ಹುಸೇನ್ ಆ ಮನೆತನದವರು. ಇಂದು ಜೋರ್ಡಾನಿನ ಸಿಂಹಾಸನದಲ್ಲಿರುವವರು ಅವರ ವಂಶಜರು. ದೊಡ್ಡ ನಗರಗಳಲ್ಲಿ ಷರೀಫರ ವಂಶಾವಳಿಯನ್ನು ನೋಡಿಕೊಳ್ಳಲು ‘ನಕೀಬ್’ ಎಂಬ ಅಧಿಕಾರಿಯೇ ಇರುತ್ತಿದ್ದ. ಸುಳ್ಳು ಹೇಳಿಕೊಂಡು ಬಂದವರನ್ನು ಪಟ್ಟಿಯಿಂದ ದೂರವಿಡುವುದು ಅವನ ಕೆಲಸ.

ಹಾಗಾದರೆ ಕೋಲಾರ, ಚಿತ್ರದುರ್ಗ, ಧಾರವಾಡ ಸೀಮೆಗಳ ಷರೀಫರೆಲ್ಲ ಮಕ್ಕಾದಿಂದ ಬಂದವರೇ? ಹಾಗೇನೂ ಇಲ್ಲ. ಪ್ರವಾದಿಯ ವಂಶವೆಂದು ಹೇಳಿಕೊಳ್ಳುವ ಕೆಲಸವನ್ನು ಭಾರತದಲ್ಲಿ ಸಯ್ಯದ್ ಎಂಬ ಪದವೇ ವಹಿಸಿಕೊಂಡಿತು. ಅದು ಹೆಸರಿನ ಮುಂದೆ ಬರುತ್ತದೆ. ಸಯ್ಯದ್, ಷೇಕ್, ಮೊಗಲ್, ಪಠಾಣ್ ಎಂಬ ನಾಲ್ಕು ಪಂಗಡಗಳ ಲೆಕ್ಕದಲ್ಲಿ ಷರೀಫ್‌ಗೆ ಸ್ಥಾನವಿರಲಿಲ್ಲ. ತಂದೆ ಷೇಕ್, ತಾಯಿ ಸಯ್ಯದ್ ಆದರೆ ಮಕ್ಕಳು ಷರೀಫ್ ಎಂಬ ವಿವರಣೆ ದಖ್ಖಣದಲ್ಲಿ ಇತ್ತಾದರೂ ಅದನ್ನು ಎಲ್ಲರೂ ಪಾಲಿಸಿದಂತಿಲ್ಲ. ಹೀಗೆ ವಂಶದ ಭಾರ ಕಳಚಿಕೊಂಡ ಷರೀಫ್ ಯಾವ ತಂದೆತಾಯಿ ಬೇಕಾದರೂ ಮಗನಿಗೆ ಇಡಬಹುದಾದ ಹೆಸರಾಯಿತು. ಮುಹಮ್ಮದ್ ಷರೀಫ್, ಅಹಮದ್ ಷರೀಫ್, ಜಾಫರ್ ಷರೀಫ್ ಹೀಗೆ ಯಾವ ಹೆಸರಿನ ಜೊತೆಗೂ ಹೊಂದುತ್ತದೆ. ನಾವು ಮಗನಿಗೆ ಗುಣಶೇಖರ ಎಂದು ಹೆಸರಿಡುವಾಗ ಹಾರೈಸುವಂತೆಯೇ ಅವರೂ ಹಾರೈಸುತ್ತಾರೆ: ಮಗ ಮಾನವಂತನಾಗಲಿ ಎಂದು. ಈ ಹೆಸರು ಇಷ್ಟು ಹರಡಲು ಮುಖ್ಯ ಕಾರಣ ಇದೇ.

ಕನ್ನಡಿಗರಿಗೆ ಎಲ್ಲಕ್ಕಿಂತ ಪರಿಚಿತರಾದ ಷರೀಫರೆಂದರೆ ಶಿಶುನಾಳದ ಸಂತ ಕವಿ (1819–1889). ತಂದೆ ಇಮಾಮ್ ಸಾಹೇಬರು, ಮಗ ಮುಹಮ್ಮದ್ ಷರೀಫ್, ಗುರು ಕಳಸದ ಗೋವಿಂದಭಟ್ಟರು. ಕನ್ನಡದ ನಾಲಿಗೆ ಆ ಹೆಸರಿನ ಕೊನೆಗೆ ಅಕಾರ ಸೇರಿಸಿ ‘ಶರೀಫ’ ಮಾಡಿಕೊಂಡಿತು. ಅವರನ್ನು ಹಾಡಿಕೊಳ್ಳುವ ಯಾರೂ ಅವರ ವಂಶಾವಳಿ ಕೇಳಲಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಷರೀಫ್ ನಮ್ಮಲ್ಲಿ ಹೆಸರಿನ ಕೊನೆಯಲ್ಲಿ ಬರುತ್ತದಾದರೂ ಅದು ಬಹುಪಾಲು ಮನೆತನದ ಹೆಸರಾಗಿರಲಿಲ್ಲ. ಹಳೆ ಮೈಸೂರಿನ ಮುಸಲ್ಮಾನರಲ್ಲಿ ತಂದೆಯ ಹೆಸರಿನ ಕೊನೆಯ ಪದ ಮಗನಿಗೆ ಬರಲೇಬೇಕೆಂಬ ಕಟ್ಟಳೆಯಿಲ್ಲ. ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದರೆಂದು ಪ್ರಸಿದ್ಧಿ ಪಡೆದ ಹೈದರ್ ಅಲಿಯ ತಂದೆ ಫತೇ ಮುಹಮ್ಮದ್. ಮಗ ಟಿಪ್ಪು ಸುಲ್ತಾನ್. ಮೂರು ತಲೆಮಾರುಗಳಿಗೂ ಸಮಾನವಾದ ಒಂದು ಪದವಿಲ್ಲ!

ಆದರೆ ಈಚಿನ ಕಾಲದಲ್ಲಿ ಕಾಗದಪತ್ರಗಳ ಒತ್ತಾಯದಿಂದ ಹೆಸರು ಮನೆತನವಾಗುತ್ತಿದೆ. 1991ರಿಂದ 1995ರವರೆಗೆ ರೈಲ್ವೆ ಸಚಿವರಾಗಿದ್ದು, ಮೀಟರ್ ಗೇಜ್ ಮತ್ತು ನ್ಯಾರೋ ಗೇಜ್ ಹಳಿಗಳನ್ನು ಬ್ರಾಡ್ ಗೇಜ್‌ಗೆ ಬದಲಿಸುವ ಯೋಜನೆಗೆ ಹೆಸರಾದ ಸಿ.ಕೆ. ಜಾಫರ್ ಷರೀಫ್ (1933–2018) ಅವರ ಇನಿಷಿಯಲ್‌ಗಳನ್ನು ಬಿಡಿಸಿ ನೋಡಿ. ‘ಸಿ’ ಎಂದರೆ ಚಳ್ಳಕೆರೆ, ‘ಕೆ’ ಎಂದರೆ ಕರೀಂ. ತಂದೆ ಕರೀಂ, ಮಗ ಷರೀಫ್. ಆದರೆ 2016ರಲ್ಲಿ ಹೆಬ್ಬಾಳದ ಉಪಚುನಾವಣೆಗೆ ನಿಂತ ಅವರ ಮೊಮ್ಮಗನ ಹೆಸರಿನಲ್ಲೂ ಷರೀಫ್ ಇತ್ತು. ಒಬ್ಬರಿಗೆ ಇಟ್ಟ ಹೆಸರು ಮೂರನೆಯ ತಲೆಮಾರಿಗೆ ಕುಲನಾಮವಾಯಿತು. ಪಾಕಿಸ್ತಾನದ ನವಾಜ್ ಷರೀಫ್, ಶಹಬಾಜ್ ಷರೀಫ್ ಸೋದರರದೂ ಇದೇ ದಾರಿ. ಅವರ ತಂದೆಯ ಹೆಸರು ಮುಹಮ್ಮದ್ ಷರೀಫ್. ಈಜಿಪ್ಟಿನ ಚಿತ್ರನಟ ಓಮರ್ ಷರೀಫ್ ಅಂತೂ ಹುಟ್ಟಿನಿಂದ ಮಿಷೆಲ್ ಷಲ್ಹೂಬ್. ಷರೀಫ್ ತಾವೇ ಆರಿಸಿಕೊಂಡ ಹೆಸರು.

ಇನ್ನು ಕಾಗುಣಿತದ ಪಾಡು. 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ದಖ್ಖಣದ ಮುಸಲ್ಮಾನರ ಆಚಾರಗಳನ್ನು ವರ್ಣಿಸುವ ‘ಕಾನೂನ್-ಎ-ಇಸ್ಲಾಂ’ ಗ್ರಂಥದ ಕರ್ತೃವೂ ಜಾಫರ್ ಷರೀಫ್ ಎಂಬವರೇ. ಅನುವಾದಿಸಿದ ಡಾ. ಹರ್ಕ್‌ಲಾಟ್ಸ್ ಆ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ‘ಆರ್’, ಎರಡು ‘ಇ’ ಹಾಕಿ ಬರೆದರು. ನಮ್ಮ ಸಚಿವರು ‘ಐ’ ಮುಂದೆ ‘ಇ’ ಇಟ್ಟು ಬರೆಯುತ್ತಿದ್ದರು. ತಮಿಳು ಸೀಮೆಯಲ್ಲಿ ಎರಡು ‘ಎಫ್’ ಹಾಕಿ ‘ಶೆರಿಫ್’ ಎಂದು ಬರೆಯುವುದು ಹೆಚ್ಚು; ತಮಿಳು ಕವಿ ಕಾ.ಮು. ಶೆರಿಫ್ ಹಾಗೆಯೇ ಪ್ರಸಿದ್ಧರು. ಬ್ರಿಟಿಷರು ಮದ್ರಾಸು, ಬೊಂಬಾಯಿಗಳಿಗೆ ತಂದ ‘ಶೆರಿಫ್’ ಹುದ್ದೆಗೂ ಈ ಹೆಸರಿಗೂ ಸಂಬಂಧವಿಲ್ಲ. ಆ ಪದ ಹಳೆಯ ಇಂಗ್ಲಿಷಿನದು; ಜಿಲ್ಲೆಯ ಅಧಿಕಾರಿ ಎಂದು ಅದರ ಅರ್ಥ. ಕನ್ನಡದಲ್ಲೂ ಷರೀಫ್, ಶರೀಫ್, ಷರೀಫ, ಶೆರೀಫ್ ಎಲ್ಲವೂ ನಡೆಯುತ್ತವೆ. ‘ಎಫ್’ ಧ್ವನಿ ಕನ್ನಡದ್ದಲ್ಲವಾದ್ದರಿಂದ ಹಳ್ಳಿಯ ಬಾಯಲ್ಲಿ ‘ಸರೀಪ್ ಸಾಬರು’ ಆಗುವುದೂ ಉಂಟು.

ಬಾಯಿಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಬರುವುದು ಕಚೇರಿಯ ಕಿಟಕಿಯ ಮುಂದೆ. ಪಹಣಿಯಲ್ಲಿ ತಂದೆಯ ಹೆಸರು ಒಂದು ತೆರನಾಗಿ, ಮಗನ ಅಂಕಪಟ್ಟಿಯಲ್ಲಿ ಇನ್ನೊಂದು ತೆರನಾಗಿ, ಆಧಾರ್ ಚೀಟಿಯಲ್ಲಿ ಮತ್ತೊಂದು ತೆರನಾಗಿ ಇದ್ದರೆ ಪೌತಿ ಖಾತೆಯೂ ಪಿಂಚಣಿಯೂ ನಿಂತುಹೋಗಬಹುದು. ಆಗ ಇವರೂ ಅವರೂ ಒಬ್ಬರೇ ಎಂದು ಪ್ರಮಾಣಪತ್ರ ಬರೆಸಬೇಕು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಭಾಗದ ಸಾವಿರಾರು ಜನ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಇನ್ನೂ ಮುಂದೆ ಕೊಲ್ಲಿ ದೇಶಗಳಿಗೆ ಹೋಗುವವರಿಗೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ಕುಲನಾಮಕ್ಕೆಂದೇ ಒಂದು ಕಲಂ ಎದುರಾಗುತ್ತದೆ. 2022ರ ನವೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟ್‌ನವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಾಗ ಆ ಕಲಂನ ಬಿಸಿ ಅನೇಕರಿಗೆ ತಟ್ಟಿತು.

ಒಂದು ಕಾಲದಲ್ಲಿ ಮಕ್ಕಾ, ಕೈರೋಗಳ ನಕೀಬ್ ತನ್ನ ದಫ್ತರ ನೋಡಿ ಯಾರು ಷರೀಫ್ ಎಂದು ತೀರ್ಮಾನಿಸುತ್ತಿದ್ದ. ನಮ್ಮ ನೆಲಕ್ಕೆ ಬಂದ ಹೆಸರು ಆ ದಫ್ತರದಿಂದ ಬಿಡುಗಡೆ ಪಡೆದು, ಬಡವನ ಮಗನಿಗೂ ಮಾನದ ಹಾರೈಕೆಯಾಗಿ ಬಾಳಿತು. ಈಗ ಅದೇ ಹೆಸರು ಮತ್ತೆ ಬೇರೆ ದಫ್ತರಗಳ ಮುಂದೆ ಸಾಕ್ಷಿ ಹಿಡಿದು ನಿಂತಿದೆ. ಬೌರಿಂಗ್‌ಪೇಟೆ ಬಂಗಾರಪೇಟೆಯಾದರೂ ರೈಲು ಅಲ್ಲಿ ನಿಲ್ಲುವುದನ್ನು ಬಿಡಲಿಲ್ಲ. ಒಂದು ಅಕ್ಷರ ಹೆಚ್ಚುಕಡಿಮೆಯಾದ ಮಾತ್ರಕ್ಕೆ ಷರೀಫ್ ಷರೀಫರಲ್ಲದೆ ಹೋಗುವುದಿಲ್ಲ ಎಂಬಷ್ಟು ಔದಾರ್ಯವನ್ನು ನಮ್ಮ ಕಚೇರಿಗಳೂ ತೋರಬಹುದಲ್ಲವೇ?