ಒಂದು ಹಿಡಿಯಲ್ಲಿ ಹತ್ತಾರು ಪ್ರಾಣ: ಹಳೆಯ ಲಿಫ್ಟ್‌ಗಳು ನಡೆಯುತ್ತಿದ್ದ ಬಗೆ

ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ, ಇನ್ನೊಂದು ಗುಂಡಿ ಒತ್ತಿದರೆ ಬೇಕಾದ ಮಹಡಿ ಬರುತ್ತದೆ. ಇಂದಿನ ಲಿಫ್ಟ್‌ನಲ್ಲಿ ಪ್ರಯಾಣಿಕನ ಕೆಲಸ ಇಷ್ಟೇ. ಆದರೆ 20ನೇ ಶತಮಾನದ ಮಧ್ಯಭಾಗದವರೆಗೂ ದೊಡ್ಡ ಕಟ್ಟಡಗಳ ಲಿಫ್ಟ್ ಎಂದರೆ ಅದರೊಳಗೊಬ್ಬ ಲಿಫ್ಟ್‌ಮನ್, ಅವನ ಕೈಯಲ್ಲೊಂದು ಹಿತ್ತಾಳೆಯ ಹಿಡಿ. ಯಾವಾಗ ಹೊರಡಬೇಕು, ಎಷ್ಟು ವೇಗದಲ್ಲಿ ಸಾಗಬೇಕು, ಎಲ್ಲಿ ನಿಲ್ಲಬೇಕು ಎಂಬ ಮೂರೂ ತೀರ್ಮಾನಗಳು ಆ ಕೈಗೆ ಸೇರಿದ್ದವು. ಆ ಕೈ ತಪ್ಪಿದರೆ ಗತಿಯೇನು? ಹಳೆಯ ಲಿಫ್ಟ್‌ನ ರಚನೆಯೆಲ್ಲ ಈ ಒಂದು ಪ್ರಶ್ನೆಗೆ ಕಂಡುಕೊಂಡ ಉತ್ತರವೆಂದರೆ ತಪ್ಪಾಗಲಾರದು.

ಹಗ್ಗದ ಕಾಲ

ಎಲಿಶಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ತಾನು ನಿಂತಿದ್ದ ವೇದಿಕೆಯ ಹಗ್ಗವನ್ನೇ ಕತ್ತರಿಸಿ ತೋರಿಸಿದ. ವೇದಿಕೆ ಬೀಳದೆ ನಿಂತಿತು. ಹಗ್ಗ ತುಂಡಾದೊಡನೆ ಸ್ಪ್ರಿಂಗ್ ಹಿಗ್ಗಿ, ಇಕ್ಕೆಲದ ಹಳಿಗಳಿಗೆ ಕೊಂಡಿಗಳು ಸಿಕ್ಕಿಕೊಳ್ಳುವಂತೆ ಅವನು ಏರ್ಪಾಡು ಮಾಡಿದ್ದ. 1857ರಲ್ಲಿ ಅದೇ ನಗರದ ಹಾವೌಟ್ ಮಳಿಗೆಯಲ್ಲಿ ಅವನ ಪ್ರಯಾಣಿಕ ಲಿಫ್ಟ್ ಉಗಿಯಂತ್ರದ ಬಲದಿಂದ ಓಡತೊಡಗಿತು.

ಆ ಕಾಲದ ಲಿಫ್ಟ್‌ಗಳಲ್ಲಿ ನಿಯಂತ್ರಣವೆಂದರೆ ಹಗ್ಗವೇ. ಕ್ಯಾಬಿನ್ನಿನ ಚಾವಣಿಯಿಂದ ಬಂದು ನೆಲದ ಮೂಲಕ ಕೆಳಗಿಳಿಯುವ ಈ ಕೈಹಗ್ಗದ ತುದಿ ಯಂತ್ರದ ಸನ್ನೆಗೆ ಅಥವಾ ನೀರಿನ ಒತ್ತಡದ ಕವಾಟಕ್ಕೆ ಜೋಡಣೆಯಾಗಿರುತ್ತಿತ್ತು. ಸಾಮಾನ್ಯವಾಗಿ ಹಗ್ಗವನ್ನು ಕೆಳಕ್ಕೆಳೆದರೆ ಲಿಫ್ಟ್ ಮೇಲೇರುತ್ತಿತ್ತು, ಮೇಲಕ್ಕೆಳೆದರೆ ಇಳಿಯುತ್ತಿತ್ತು, ನಡುವಿಗೆ ತಂದರೆ ನಿಲ್ಲುತ್ತಿತ್ತು. ಹಗ್ಗದ ಎರಡೂ ಕೊನೆಗಳ ಸಮೀಪ ಗುಂಡು ಕಟ್ಟಿರುತ್ತಿದ್ದರು. ನಿರ್ವಾಹಕ ಮರೆತರೂ ಕ್ಯಾಬಿನ್ ಆ ಗುಂಡಿಗೆ ತಾಗಿ, ತಾನೇ ಹಗ್ಗವನ್ನು ನಡುವಿಗೆ ಎಳೆದು ನಿಲ್ಲುತ್ತಿತ್ತು. ಆದರೆ ಈ ಹಗ್ಗ ಎಲ್ಲ ಮಹಡಿಗಳನ್ನೂ ಹಾದುಹೋಗುತ್ತಿದ್ದುದರಿಂದ ಬೇರೆ ಮಹಡಿಯಲ್ಲಿ ನಿಂತವರು ಕೈಚಾಚಿ ಎಳೆದುಬಿಡುವ ಅಪಾಯವೂ ಇತ್ತು. ಆದ್ದರಿಂದ ಹಗ್ಗಕ್ಕೆ ಬೀಗ ಹಾಕುವ ಸಾಧನಗಳು ಬಂದವು.

ಹಿಡಿಯ ಗುಟ್ಟು

ವಿದ್ಯುತ್ ಮೋಟಾರು ಬಂದ ಮೇಲೆ ಹಗ್ಗದ ಜಾಗವನ್ನು ಹಿಡಿ ಆಕ್ರಮಿಸಿತು. ಅರ್ಧಚಂದ್ರಾಕಾರದ ಪೆಟ್ಟಿಗೆಯ ಮೇಲಿರುವ ಈ ಹಿಡಿಯನ್ನು ಒಂದು ಬದಿಗೆ ತಳ್ಳಿದರೆ ಏರು, ಇನ್ನೊಂದು ಬದಿಗೆ ತಳ್ಳಿದರೆ ಇಳಿ. ಹೆಚ್ಚು ತಳ್ಳಿದಷ್ಟೂ ಹೆಚ್ಚು ವೇಗ.

ಮೋಟಾರಿಗೆ ಬೇಕಾದ ಭಾರಿ ವಿದ್ಯುತ್ತು ಹಿಡಿಯ ಮೂಲಕ ಹರಿಯುತ್ತಿರಲಿಲ್ಲ ಎಂಬುದು ಗಮನಾರ್ಹ. ಹಿಡಿ ಕಳುಹಿಸುತ್ತಿದ್ದುದು ಸಣ್ಣ ಸಂಕೇತವನ್ನು ಮಾತ್ರ. ಅದು ಕ್ಯಾಬಿನ್ನಿನಿಂದ ಜೋತುಬಿದ್ದ ತಂತಿಯ ಮೂಲಕ ಯಂತ್ರದ ಕೋಣೆಗೆ ತಲುಪಿ, ಅಲ್ಲಿನ ದೊಡ್ಡ ಸ್ವಿಚ್ಚುಗಳನ್ನು ಮುಚ್ಚುತ್ತಿತ್ತು.

ಹಿಡಿಯಿಂದ ಕೈ ತೆಗೆದರೆ ಸ್ಪ್ರಿಂಗ್ ಅದನ್ನು ತಾನಾಗಿ ನಡುವಿಗೆ ತರುತ್ತಿತ್ತು. ಕೂಡಲೇ ಮೋಟಾರಿನ ವಿದ್ಯುತ್ತು ಕಡಿದು ಬ್ರೇಕ್ ಬೀಳುತ್ತಿತ್ತು. ಈ ಬ್ರೇಕಿನ ಸ್ವಭಾವವೂ ವಿಶಿಷ್ಟವಾದುದು. ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ವಿದ್ಯುತ್ತು. ಆದಕಾರಣ ನಿರ್ವಾಹಕ ಮೂರ್ಛೆ ಹೋದರೂ, ಊರಿಗೆಲ್ಲ ಕರೆಂಟು ಹೋದರೂ ಫಲ ಒಂದೇ: ಲಿಫ್ಟ್ ನಿಲ್ಲುತ್ತದೆ. ತಪ್ಪು ನಡೆದಾಗ ಯಂತ್ರ ಓಡದೆ ನಿಲ್ಲಬೇಕೆಂಬ ಈ ತತ್ತ್ವ ಇಂದಿನ ಲಿಫ್ಟ್‌ಗಳಲ್ಲೂ ಉಳಿದುಕೊಂಡಿದೆ.

ನೆಲಕ್ಕೆ ನೆಲ ಕೂಡಿಸುವ ಕೌಶಲ

ಲಿಫ್ಟ್‌ಮನ್ನನ ನಿಜವಾದ ಪರೀಕ್ಷೆ ನಿಲ್ಲಿಸುವುದರಲ್ಲಿತ್ತು. ಸೆಕೆಂಡಿಗೆ 2 ಮೀಟರ್ ಸಾಗುವ ಲಿಫ್ಟ್‌ನಲ್ಲಿ ಅರ್ಧ ಸೆಕೆಂಡು ತಡವಾದರೆ ಕ್ಯಾಬಿನ್ 1 ಮೀಟರ್ ಮುಂದೆ ಹೋಗಿರುತ್ತದೆ. ಇದರ ಜೊತೆಗೆ ತೂಕದ ಲೆಕ್ಕವೂ ಇದೆ. ಕ್ಯಾಬಿನ್ನಿಗೆ ಪ್ರತಿಯಾಗಿ ತೂಗುವ ಭಾರವು ಖಾಲಿ ಕ್ಯಾಬಿನ್ನಿಗಿಂತ ಹೆಚ್ಚು, ತುಂಬಿದ ಕ್ಯಾಬಿನ್ನಿಗಿಂತ ಕಡಿಮೆ ಇರುತ್ತದೆ. ಹಾಗಾಗಿ ಜನ ತುಂಬಿದ ಲಿಫ್ಟ್ ಇಳಿಯುವಾಗಲೂ, ಖಾಲಿ ಲಿಫ್ಟ್ ಏರುವಾಗಲೂ ತುಸು ದೂರ ಜಾರಿಯೇ ನಿಲ್ಲುತ್ತದೆ. ಒಳಗೆ ಎಷ್ಟು ಜನರಿದ್ದಾರೆಂದು ಕಣ್ಣಳತೆಯಲ್ಲೇ ಅಂದಾಜಿಸಿ, ಅದಕ್ಕೆ ತಕ್ಕಂತೆ ಹಿಡಿಯನ್ನು ಮುಂಚಿತವಾಗಿ ಸಡಿಲಿಸಬೇಕಿತ್ತು. ತಪ್ಪಿದರೆ ಹಿಡಿಯನ್ನು ಕೊಂಚ ಕೊಂಚ ಆಡಿಸಿ ಸರಿಪಡಿಸಬೇಕು. ಪ್ರಯಾಣಿಕರಿಗೆ ಮೆಟ್ಟಿಲು ನೋಡಿಕೊಳ್ಳಿ ಎಂದು ಎಚ್ಚರಿಸುವುದೂ ಅವನದೇ ಹೊಣೆ.

ಕೈಗೂ ಮೀರಿದ ಕಾವಲು

ಕೈಯ ತಪ್ಪನ್ನು ತಿದ್ದಲು ಇನ್ನೂ ಮೂರು ಕಾವಲುಗಳಿದ್ದವು. ಮೇಲಿನ ಮತ್ತು ಕೆಳಗಿನ ಕೊನೆಯ ಮಹಡಿಗಳಲ್ಲಿ ತಾನಾಗಿ ವಿದ್ಯುತ್ತು ಕಡಿಯುವ ಸ್ವಿಚ್ಚುಗಳು ಮೊದಲನೆಯವು. ಗೇಟು ಪೂರ್ತಿ ಮುಚ್ಚದೆ ಲಿಫ್ಟ್ ಕದಲದಂತೆ ತಡೆಯುವ ಬೀಗ ಎರಡನೆಯದು. ವೇಗ ಮಿತಿಮೀರಿದಾಗ ಹಳಿಗಳನ್ನು ಕಚ್ಚಿ ಹಿಡಿಯುವ ಸಾಧನ ಮೂರನೆಯದು.

ಈ ಮೂರನೆಯ ಕಾವಲಿನ ಮಹತ್ವ ತಿಳಿದದ್ದು ಅದು ವಿಫಲವಾದ ದಿನ. 1945ರ ಜುಲೈ 28ರಂದು ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಬಾಂಬರ್ ವಿಮಾನ ಬಡಿದಾಗ ಲಿಫ್ಟ್ ನಿರ್ವಾಹಕಿ ಬೆಟ್ಟಿ ಲೂ ಆಲಿವರ್ ಇದ್ದ ಕ್ಯಾಬಿನ್ 75 ಮಹಡಿಗಳಷ್ಟು ಕೆಳಗೆ ಬಿತ್ತು. ಎತ್ತುವ ಹಗ್ಗಗಳೊಂದಿಗೆ, ಹಿಡಿತವನ್ನು ಚಾಲನೆಗೊಳಿಸಬೇಕಿದ್ದ ಹಗ್ಗವೂ ತುಂಡಾಗಿತ್ತು. ತೀವ್ರವಾಗಿ ಗಾಯಗೊಂಡರೂ ಆಕೆ ಬದುಕುಳಿದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲಿಫ್ಟ್ ನಿರ್ವಾಹಕರು ಮುಷ್ಕರ ಹೂಡಿದಾಗ ಗಗನಚುಂಬಿಗಳ ಕಚೇರಿಗಳು ಸ್ತಬ್ಧವಾದವು. ಒಂದು ನಗರವೇ ಆ ಹಿಡಿಗಳನ್ನು ನೆಚ್ಚಿಕೊಂಡಿತ್ತೆಂಬುದು ಆಗ ಮನವರಿಕೆಯಾಯಿತು. 1950ರ ದಶಕದಿಂದ ಸ್ವಯಂಚಾಲಿತ ಲಿಫ್ಟ್‌ಗಳು ವ್ಯಾಪಕವಾಗಿ, ಆ ವೃತ್ತಿಯೇ ಕ್ರಮೇಣ ಮರೆಯಾಗತೊಡಗಿತು.

ನಮ್ಮಲ್ಲೂ ಎಚ್ಚರ ಬೇಕು

ನಮ್ಮ ನಗರಗಳ ಹಳೆಯ ಕಟ್ಟಡಗಳಲ್ಲಿ ಕೈಯಿಂದ ಎಳೆಯುವ ಮಡಚು ಗೇಟಿನ ಲಿಫ್ಟ್‌ಗಳು ಇನ್ನೂ ಕಾಣಸಿಗುತ್ತವೆ. ಅವುಗಳಲ್ಲಿ ಗುಂಡಿ ಬಂದಿರಬಹುದು, ಗೇಟು ಮುಚ್ಚುವ ಹೊಣೆ ಮಾತ್ರ ಈಗಲೂ ಮನುಷ್ಯನ ಕೈಯಲ್ಲಿದೆ. ಕ್ಯಾಬಿನ್ ಬಂದಿದೆಯೇ ಎಂದು ಕಣ್ಣಾರೆ ನೋಡಿಯೇ ಕಾಲಿಡಿ. ಮಕ್ಕಳ ಬೆರಳು ಗೇಟಿನ ಸಂದಿಗೆ ಹೋಗದಂತೆ ನೋಡಿಕೊಳ್ಳಿ. ಗೇಟು ತೆರೆದಿದ್ದಾಗಲೂ ಲಿಫ್ಟ್ ಚಲಿಸಿದರೆ ಅದರ ಬೀಗ ಕೆಟ್ಟಿದೆ ಎಂದರ್ಥ; ದುರಸ್ತಿಯಾಗುವವರೆಗೆ ಮೆಟ್ಟಿಲೇ ಲೇಸು. ಲಿಫ್ಟ್‌ಮನ್ ಎದ್ದುಹೋದ ಮೇಲೆ ಅವನ ಎಚ್ಚರಿಕೆಯನ್ನು ನಾವೇ ವಹಿಸಿಕೊಳ್ಳಬೇಕಾಗಿದೆ.