ಬ್ರಾಕೊಲಿಯ ಗುಟ್ಟು

ಇಡಿಯ ಸಾಸಿವೆ ಕಾಳನ್ನು ಮೂಸಿದರೆ ಹೇಳಿಕೊಳ್ಳುವಂತಹ ವಾಸನೆ ಬಾರದು. ಅದನ್ನೇ ಒರಳಿಗೆ ಹಾಕಿ, ನೀರು ಚಿಮುಕಿಸಿ ಅರೆದರೆ ಘಾಟು ಮೂಗಿಗೇರಿ ಕಣ್ಣಲ್ಲಿ ನೀರು ತುಂಬುತ್ತದೆ. ಕಾಳಿನಲ್ಲಿ ಕಾಣದ ಘಾಟು ಒರಳಿನಲ್ಲಿ ಎಲ್ಲಿಂದ ಬಂದಿತು? ಇದಕ್ಕೆ ಉತ್ತರ ದೊರೆತರೆ ಬ್ರಾಕೊಲಿಯ ಗುಟ್ಟೂ ತಿಳಿದಂತೆಯೇ. ಏಕೆಂದರೆ ಇವೆರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು.

ಬ್ರಾಕೊಲಿಯು ನೋಟಕ್ಕೆ ಹಸಿರು ಹೂಕೋಸಿನಂತಿದೆ. ಎಲೆಕೋಸು, ಹೂಕೋಸು, ಬ್ರಾಕೊಲಿ ಮೂರೂ ಬ್ರಾಸಿಕ ಒಲರೇಸಿಯ ಎಂಬ ಒಂದೇ ಪ್ರಭೇದದ ಬಗೆಗಳು. ಇಟಲಿಯ ರೈತರು ಬಹುಕಾಲದಿಂದ ಬ್ರಾಕೊಲಿಯನ್ನು ಬೆಳೆಯುತ್ತ ಬಂದಿದ್ದಾರೆ. ಅದರಲ್ಲಿ ತಿನ್ನುವ ಭಾಗವೆಂದರೆ ಇನ್ನೂ ಅರಳದ ಮೊಗ್ಗುಗಳ ಗೊಂಚಲು ಮತ್ತು ಎಳೆಯ ದಂಟು. ನೂರು ಗ್ರಾಂ ಹಸಿ ಬ್ರಾಕೊಲಿಯಲ್ಲಿ ಸುಮಾರು 90 ಗ್ರಾಂ ನೀರೇ ಇದ್ದರೂ ಸುಮಾರು 90 ಮಿಲಿಗ್ರಾಂ 'ಸಿ' ಜೀವಸತ್ವವಿರುತ್ತದೆ. 'ಕೆ' ಜೀವಸತ್ವ, ಫೋಲೇಟ್ ಮತ್ತು ನಾರು ಸಹ ಅದರಲ್ಲಿವೆ.

ಆದರೆ ಅದರ ವೈಶಿಷ್ಟ್ಯವಿರುವುದು ಬೇರೊಂದು ಸಂಗತಿಯಲ್ಲಿ. ಗಿಡದ ಅಂಗಾಂಶದಲ್ಲಿ ಗಂಧಕವುಳ್ಳ ಗ್ಲೂಕೊರಫಾನಿನ್ ಎಂಬ ಸಂಯುಕ್ತವು ಒಂದೆಡೆಯೂ, ಮೈರೊಸಿನೇಸ್ ಎಂಬ ಕಿಣ್ವವು ಇನ್ನೊಂದೆಡೆಯೂ ಇರುತ್ತವೆ. ಹುಳು ಕಚ್ಚಿದಾಗ, ಚಾಕು ತಗುಲಿದಾಗ ಅಥವಾ ಹಲ್ಲು ಅಗಿದಾಗ ಕೋಶಗಳು ಒಡೆದು ಇವೆರಡೂ ಕೂಡುತ್ತವೆ. ಆಗ ಹುಟ್ಟುವ ವಸ್ತುವೇ ಸಲ್ಫೊರಫೇನ್. ಇಂತಹ ಘಾಟು ವಸ್ತುಗಳು ಗಿಡಕ್ಕೆ ಕೀಟಗಳ ವಿರುದ್ಧ ಆಯುಧ. ಅರೆದ ಸಾಸಿವೆಯ ಘಾಟು ಹುಟ್ಟುವುದೂ ಇದೇ ಬಗೆಯಲ್ಲಿ.

ಗಿಡದ ಈ ಆಯುಧವು ಮನುಷ್ಯನಿಗೆ ಉಪಕಾರಿಯಾಗಬಹುದೆಂದು ತೋರಿಸಿದವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೆ ಮತ್ತು ಅವರ ಸಂಗಡಿಗರು. ಬ್ರಾಕೊಲಿಯಿಂದ ಬೇರ್ಪಡಿಸಿದ ಸಲ್ಫೊರಫೇನ್, ಹಾನಿಕರ ವಸ್ತುಗಳನ್ನು ನಿರ್ವಿಷಗೊಳಿಸುವ ಕಿಣ್ವಗಳನ್ನು ಜೀವಕೋಶಗಳಲ್ಲಿ ಹೆಚ್ಚಿಸುತ್ತದೆಂದು ಅವರು 1992ರಲ್ಲಿ ಪ್ರಕಟಿಸಿದರು. ಮೂರು ದಿನದ ಮೊಳಕೆಗಳಲ್ಲಿ ಇದರ ಮೂಲವಸ್ತುವು ಬಲಿತ ಗಿಡಕ್ಕಿಂತ 10ರಿಂದ 100 ಪಟ್ಟು ಅಧಿಕವೆಂದು 1997ರಲ್ಲಿ ತಿಳಿದುಬಂದಿತು. ಚೀನಾದ ಕಿಡಾಂಗ್ ಪ್ರದೇಶದಲ್ಲಿ 291 ಜನರ ಮೇಲೆ 12 ವಾರಗಳ ಪ್ರಯೋಗ ನಡೆಯಿತು. ಮೊಳಕೆಯ ಪಾನೀಯವನ್ನು ಕುಡಿದವರ ದೇಹವು ಕಲುಷಿತ ಗಾಳಿಯ ಮೂಲಕ ಸೇರಿದ ಬೆಂಜೀನನ್ನು, ಅದನ್ನು ಕುಡಿಯದವರಿಗಿಂತ ಹೆಚ್ಚಾಗಿ ಹೊರಹಾಕಿತೆಂದು 2014ರಲ್ಲಿ ವರದಿಯಾಯಿತು.

ಇದರಿಂದ ಬ್ರಾಕೊಲಿಯು ರೋಗಗಳಿಗೆ ಮದ್ದೆಂದು ಭಾವಿಸಲಾಗದು. ಕೋಶಗಳಲ್ಲಿ ಮತ್ತು ಪ್ರಾಣಿಗಳಲ್ಲಿ ಕಂಡ ಫಲವೆಲ್ಲವೂ ಮನುಷ್ಯರಲ್ಲಿ ಸಿದ್ಧವಾಗಿಲ್ಲ. ಕ್ಯಾನ್ಸರನ್ನು ಅದು ಗುಣಪಡಿಸುತ್ತದೆಂಬುದಕ್ಕೆ ಆಧಾರವಿಲ್ಲ. ಅದು ಒಳ್ಳೆಯ ಆಹಾರ, ಚಿಕಿತ್ಸೆಗೆ ಬದಲಿಯಲ್ಲ.

ಆಹಾರದ ಸತ್ವವಾದರೂ ಅಡುಗೆಯ ಕ್ರಮವನ್ನು ಅವಲಂಬಿಸಿದೆ. ಬಹಳ ಹೊತ್ತು ಕುದಿಸಿದರೆ ಮೈರೊಸಿನೇಸ್ ನಾಶವಾಗುತ್ತದೆ. 'ಸಿ' ಜೀವಸತ್ವವು ನೀರಿಗಿಳಿದು ಆ ನೀರಿನೊಡನೆ ಬಚ್ಚಲು ಸೇರುತ್ತದೆ. ಹೆಚ್ಚಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಕೆಲವೇ ನಿಮಿಷ ಹಬೆಯಲ್ಲಿ ಬೇಯಿಸುವುದು ಲೇಸು. ಹೆಚ್ಚು ಬೆಂದುಹೋದ ಬ್ರಾಕೊಲಿಗೂ ಒಂದು ಉಪಾಯವುಂಟು. ಹಸಿ ಸಾಸಿವೆಯ ಪುಡಿಯನ್ನು ಉದುರಿಸಿದರೆ, ಅದರ ಕಿಣ್ವವು ನಾಶವಾದ ಕಿಣ್ವದ ಕೆಲಸವನ್ನು ವಹಿಸಿಕೊಳ್ಳುತ್ತದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಆ ಶಕ್ತಿಯಿಲ್ಲ. ಅದರ ಕಿಣ್ವವನ್ನು ಕಾದ ಎಣ್ಣೆಯು ಮೊದಲೇ ಕೆಡಿಸಿರುತ್ತದೆ.